ಸಂಘದ ಸರ್ವರಿಗೆ ವಿಂಡೋಸೋ, ಲಿನಕ್ಸೋ?

ಮಾನ್ಯ ಸದಸ್ಯ ಬಾಂಧವರೇ,

ಮುಂದಿನ ಸರ್ವಸದಸ್ಯರ ಸಭೆಯ ವಿಷಯಪಟ್ಟಿಯಲ್ಲಿ "ಕಚೇರಿಗೆ ಹೊಸ ಸರ್ವರ್ ಖರೀದಿ" ಎಂಬುದೂ ಒಂದು. ಕಾಫಿ, ಅಡಕೆಯ ದರದ ಮಾತು ಬಿಟ್ಟು ಇದೇನು ಕಂಪ್ಯೂಟರ್ ಪುರಾಣ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಕಳೆದ ಮಳೆಗಾಲದಲ್ಲಿ ಮೂರು ದಿನ ಹಣ ಬಟವಾಡೆ ನಿಂತುಹೋದದ್ದನ್ನು ತಾವು ಮರೆತಿರಲಾರಿರಿ. ಮಗಳ ಕಾಲೇಜು ಶುಲ್ಕಕ್ಕೆ, ತೋಟಕ್ಕೆ ಔಷಧಿ ಹೊಡೆದವರ ಕೂಲಿಗೆ ಎಂದು ಮಳೆಯಲ್ಲಿ ನೆನೆದುಕೊಂಡು ಬಂದ ಸದಸ್ಯರು ಬರಿಗೈಯಲ್ಲಿ ಹಿಂದಿರುಗಿದರು. ಅಡಕೆ ಗೋದಾಮಿನಲ್ಲಿತ್ತು, ಹಣ ಬ್ಯಾಂಕಿನಲ್ಲಿತ್ತು. ಯಾರಿಗೆ ಎಷ್ಟು ಸಲ್ಲಬೇಕೆಂಬ ಲೆಕ್ಕ ಮಾತ್ರ ತೆರೆಯದ ಯಂತ್ರದೊಳಗಿತ್ತು. ಆ ದಿನ ಕಾರ್ಯದರ್ಶಿಯ ಕುರ್ಚಿಯಲ್ಲಿದ್ದವನು ನಾನು. ಆದ್ದರಿಂದ ಇದನ್ನು ಬರೆಯುವ ಹೊಣೆಯೂ ನನ್ನದೇ.

ಸರ್ವರ್ ಎಂದರೆ ಕಚೇರಿಯ ಉಳಿದೆಲ್ಲ ಕಂಪ್ಯೂಟರುಗಳಿಗೂ ಲೆಕ್ಕ ಒದಗಿಸುವ ಕೇಂದ್ರ ಯಂತ್ರ. ಗೋದಾಮಿನ ತೂಕ, ಸದಸ್ಯರ ಖಾತೆ, ಬೆಂಗಳೂರು ಬನಶಂಕರಿಯಲ್ಲಿರುವ ನಮ್ಮ ಕಾಫಿ ಪುಡಿ ಮಳಿಗೆಯ ಬಿಲ್ಲು, ಈ ಮೂರೂ ಅಲ್ಲಿಯೇ ಸೇರುತ್ತವೆ. ಆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ನಮ್ಮಂಥವರ ಮುಂದೆ ಇರುವುದು ಎರಡು ದಾರಿ. ಒಂದು, ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಸರ್ವರ್. ಇನ್ನೊಂದು, 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿ, ಇಂದು ಅನೇಕ ದೇಶಗಳ ಸಾವಿರಾರು ಜನ ಸೇರಿ ಬೆಳೆಸುತ್ತಿರುವ ಲಿನಕ್ಸ್.

ನಿಂತುಹೋದ ನಮ್ಮ ಯಂತ್ರದಲ್ಲಿದ್ದುದು ಲಿನಕ್ಸೇ. ಸೆಂಟ್‌ಓಎಸ್ 7 ಎಂಬ ಅದರ ಒಂದು ಬಗೆ. ಪುಕ್ಕಟೆ ಸಿಗುತ್ತದೆಂದು ಹಾಕಿಸಿಕೊಂಡೆವು. ಅದಕ್ಕೆ ದೋಷ ತಿದ್ದುವ ಬೆಂಬಲ 2024ರ ಜೂನ್ 30ಕ್ಕೆ ಮುಗಿದಿತ್ತು; ಅದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಕಿಕೊಟ್ಟ ಹುಡುಗ ಬೇರೆ ಕೆಲಸ ಹಿಡಿದು ದೂರ ಹೋಗಿದ್ದ. ಪಾಸ್‌ವರ್ಡ್ ಅವನ ಬಳಿ ಉಳಿದಿತ್ತು. ವರ್ಷಕ್ಕಿಷ್ಟು ಎಂದು ಕೊಟ್ಟು ಯಾರನ್ನಾದರೂ ಗೊತ್ತುಮಾಡೋಣವೆಂಬ ಸಲಹೆ ಹಿಂದೊಮ್ಮೆ ಬಂದಾಗ, ಖರ್ಚು ಬೇಡವೆಂದು ತಳ್ಳಿಹಾಕಿದವರಲ್ಲಿ ನಾನೂ ಒಬ್ಬ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಮಾತು ಅಡಕೆ ಬೆಳೆಯುವ ನಮಗೇ ನೆನಪಾಗದೆ ಹೋಯಿತು.

ಈಗ ನಿರ್ದೇಶಕರಲ್ಲಿ ಹಲವರು "ಲಿನಕ್ಸ್ ಸಹವಾಸ ಸಾಕು, ದುಡ್ಡು ಕೊಟ್ಟು ವಿಂಡೋಸ್ ತರೋಣ" ಎನ್ನುತ್ತಿದ್ದಾರೆ. ಅವರ ಬೇಸರ ನ್ಯಾಯವಾದದ್ದೇ. ಆದರೆ ರೋಗದ ಮೂಲ ಅಲ್ಲಿದೆಯೇ ಎಂಬುದು ನನ್ನ ಪ್ರಶ್ನೆ.

ಕಳೆದ ತಿಂಗಳು ಮಳಿಗೆಯ ಲೆಕ್ಕ ನೋಡಲು ಬನಶಂಕರಿಗೆ ಹೋದವನು, ಜಯನಗರದ ಮಗಳ ಮನೆಯಲ್ಲಿ ನಾಲ್ಕು ದಿನ ಉಳಿದು ಬಲ್ಲವರನ್ನು ವಿಚಾರಿಸಿದೆ. ಬಿ.ಟಿ.ಎಂ. ಲೇಔಟಿನಲ್ಲಿ ಇದೇ ಕೆಲಸ ಮಾಡುವ ಅಳಿಯನ ಸ್ನೇಹಿತರೊಬ್ಬರಿಗೆ ಎರಡರ ಗುಣದೋಷ ಹೇಳಿರೆಂದರೆ, ಅವರು ನನ್ನನ್ನೇ ಕೇಳಿದರು: "ಅಂಕಲ್, ಮಳೆಗಾಲದಲ್ಲಿ ರಾತ್ರಿ ಎಂಟು ಗಂಟೆಗೆ ಸರ್ವರ್ ನಿಂತರೆ ನಿಮ್ಮೂರಲ್ಲಿ ಯಾರು ಬರ್ತಾರೆ?" ನನ್ನ ಬಳಿ ಉತ್ತರವಿರಲಿಲ್ಲ.

ಅಲ್ಲಿಗೆ ಸಮೀಪದ ಜೆ.ಪಿ. ನಗರದಲ್ಲಿ ಮುಖ್ಯ ಕಚೇರಿ ಇರುವ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ, 2010ರಲ್ಲಿ ಆರಂಭವಾದದ್ದು. ಲಿನಕ್ಸಿನಂಥ ಮುಕ್ತ ತಂತ್ರಾಂಶಗಳ ಮೇಲೆ ತನ್ನ ವ್ಯವಹಾರ ಕಟ್ಟಿರುವುದಾಗಿ ಅದು ಬಹಿರಂಗವಾಗಿಯೇ ಹೇಳಿಕೊಂಡಿದೆ. 2024ರಲ್ಲಿ ಇಂಥ ತಂತ್ರಾಂಶ ಬರೆಯುವವರಿಗಾಗಿ ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿಯನ್ನೂ ಘೋಷಿಸಿತು. ಪುಕ್ಕಟೆ ಸಿಗುವ ವಸ್ತುವಿಗೆ ಹಣ ಕೊಡುವುದೇಕೆ? ಆರೈಕೆ ಇಲ್ಲದಿದ್ದರೆ ಅದು ಉಳಿಯದೆಂಬ ತಿಳಿವಳಿಕೆಯಿಂದ. ಅವರಲ್ಲಿ ಸ್ವಂತ ಇಂಜಿನಿಯರುಗಳಿದ್ದಾರೆ. ನಮ್ಮಲ್ಲಿರುವುದು ಇಬ್ಬರು ಗುಮಾಸ್ತರು.

ನಮಗೆ ಹತ್ತಿರದ ಉದಾಹರಣೆಗಳನ್ನೇ ನೋಡೋಣ. ನಮಗೆಲ್ಲ ಪಹಣಿ ಕೊಡುವ ಭೂಮಿ ಯೋಜನೆ ಸುಮಾರು 2000ದಲ್ಲಿ ತಾಲ್ಲೂಕು ಕಚೇರಿಗಳಿಗೆ ಬಂದಾಗ ನಿಂತದ್ದು ಮೈಕ್ರೋಸಾಫ್ಟಿನ ತಂತ್ರಾಂಶದ ಮೇಲೆ. ಅತ್ತ ಕಾಸರಗೋಡಿನ ಕನ್ನಡ ಶಾಲೆಗಳೂ ಸೇರಿ ಕೇರಳದ ಸರ್ಕಾರಿ ಶಾಲೆಗಳಲ್ಲಿ ಹದಿನೈದು ವರ್ಷಕ್ಕೂ ಮೇಲ್ಪಟ್ಟು ನಡೆಯುತ್ತಿರುವುದು ಲಿನಕ್ಸ್. ಎರಡೂ ನಡೆದವು. ಭೂಮಿಯ ಬೆನ್ನಿಗೆ ಸರ್ಕಾರದ ಎನ್.ಐ.ಸಿ. ಸಂಸ್ಥೆ ಇತ್ತು, ಕೇರಳದಲ್ಲಿ ಉಪಾಧ್ಯಾಯರಿಗೇ ತರಬೇತಿ ಕೊಟ್ಟರು. ಮಂಗಳವೋ, ಸುಮಂಗಳವೋ, ತಳಿ ಯಾವುದೇ ಇರಲಿ. ಮರ ಹತ್ತಲು ಕೊನೆಗಾರ ಸಿಗದಿದ್ದರೆ ಗೊನೆ ಮರದಲ್ಲೇ ಉದುರುತ್ತದೆ.

ಇನ್ನು ಖರ್ಚಿನ ಮಾತು. ವಿಂಡೋಸ್ ಸರ್ವರಿನ ಸಾಮಾನ್ಯ ಆವೃತ್ತಿಗೆ ಅಮೆರಿಕದ ಪಟ್ಟಿ ಬೆಲೆಯೇ ಸಾವಿರ ಡಾಲರಿಗೂ ಮೇಲೆ. ಅದರ ಮೇಲೆ ಬಳಸುವ ಪ್ರತಿಯೊಬ್ಬರಿಗೆ ಇಲ್ಲವೇ ಪ್ರತಿ ಕಂಪ್ಯೂಟರಿಗೆ ಬೇರೆ ಪರವಾನಗಿ ಬೇಕು. ಆದರೆ 25 ಜನರವರೆಗಿನ ಸಣ್ಣ ಕಚೇರಿಗಳಿಗೆಂದು ಯಂತ್ರದ ಜೊತೆಯಲ್ಲೇ ಮಾರುವ ಎಸೆನ್ಷಿಯಲ್ಸ್ ಎಂಬ ಆವೃತ್ತಿಗೆ ಆ ಬೇರೆ ಪರವಾನಗಿ ಬೇಕಿಲ್ಲ. ಆದ್ದರಿಂದ ವಿಂಡೋಸ್ ನಮ್ಮ ಕೈಗೆ ಎಟುಕದ್ದು ಎಂದು ನಾನು ಹೇಳುವುದಿಲ್ಲ. ಲಿನಕ್ಸಿನಲ್ಲಿ ಡೆಬಿಯನ್, ಉಬುಂಟು ಎಂಬ ಬಗೆಗಳಿಗೆ ಖರೀದಿ ಬೆಲೆಯೇ ಇಲ್ಲ. ರೆಡ್ ಹ್ಯಾಟ್‌ಗೆ ವರ್ಷವರ್ಷ ಚಂದಾ ಕಟ್ಟಬೇಕು. ಬಾಳಿಕೆಯಲ್ಲಿ ವಿಂಡೋಸ್ ಸರ್ವರಿಗೆ ಸುಮಾರು ಹತ್ತು ವರ್ಷದ ಬೆಂಬಲ. 2022ರ ಆವೃತ್ತಿಗೆ 2031ರ ಅಕ್ಟೋಬರ್ ತನಕ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಪುಕ್ಕಟೆಯಾಗಿ ಐದು ವರ್ಷ. ಅಂದರೆ ಉಬುಂಟು ಹಿಡಿದರೆ ಸುಮಾರು ಐದು ವರ್ಷಕ್ಕೊಮ್ಮೆ ಹೊಸದಕ್ಕೆ ಸಾಗುವ ಕೆಲಸ ಇದ್ದೇ ಇದೆ.

ಸುರಕ್ಷತೆಯ ವಿಷಯದಲ್ಲಿ ಒಂದೇ ಉದಾಹರಣೆ ಸಾಕು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕೇಡಿನ ತಂತ್ರಾಂಶ ಜಗತ್ತಿನ ಲಕ್ಷಾಂತರ ವಿಂಡೋಸ್ ಯಂತ್ರಗಳಿಗೆ ಬೀಗ ಹಾಕಿ ಹಣ ಕೇಳಿತು. ಅದಕ್ಕೆ ಬೇಕಾದ ತಿದ್ದುಪಡಿಯನ್ನು ಕಂಪನಿ ಮಾರ್ಚ್ ತಿಂಗಳಲ್ಲೇ ಹೊರಡಿಸಿತ್ತು; ಹಾಕಿಕೊಳ್ಳದೆ ಕುಳಿತವರು ಕೆಟ್ಟರು. ಮಳೆ ಹಿಡಿಯುವ ಮೊದಲು ಬೋರ್ಡೋ ಹೊಡೆಯದೆ, ಕೊಳೆ ಬಂದ ಮೇಲೆ ಮೈಲುತುತ್ತದ ಅಂಗಡಿಗೆ ಓಡಿದವರ ಕಥೆಯೇ ಇದೂ. ಲಿನಕ್ಸಿನಲ್ಲೂ ಇಂಥ ದೋಷಗಳು ಸಿಕ್ಕಿವೆ. ತಿದ್ದುಪಡಿ ಹಾಕದೆ ಬಿಟ್ಟರೆ ಅಲ್ಲಿಯೂ ಗತಿ ಇದೇ.

ಹಾಗಾದರೆ ನನ್ನ ಅಭಿಪ್ರಾಯವೇನು? ಸದಸ್ಯರ ಖಾತೆ, ದಾಸ್ತಾನು, ಬಿಲ್ಲುಗಳನ್ನು ಇಡುವ ಸರ್ವರಿಗೆ ಲಿನಕ್ಸೇ ಇರಲಿ. ಪರವಾನಗಿಗೆ ಹೋಗುವ ಹಣವನ್ನು ಉಳಿತಾಯವೆಂದು ಬಗೆಯದೆ ಆರೈಕೆಗೆ ಮೀಸಲಿಡೋಣ. ಟ್ಯಾಲಿ ನಡೆಯುವ ಗುಮಾಸ್ತರ ಮೇಜಿನ ಕಂಪ್ಯೂಟರುಗಳು ವಿಂಡೋಸಿನಲ್ಲೇ ಮುಂದುವರಿಯಲಿ. ಕೈ ಪಳಗಿದ್ದನ್ನು ಕೆಡಿಸುವುದು ಬೇಡ. ಆದರೆ ಈ ನಾಲ್ಕು ಮಾತು ನಿರ್ಣಯದಲ್ಲಿ ಬರಹವಾಗಿ ಸೇರಬೇಕು:

1. ಕರೆದ ದಿನವೇ ಸ್ಪಂದಿಸುವ ವಾರ್ಷಿಕ ನಿರ್ವಹಣಾ ಕರಾರು ಆಗಬೇಕು. ಕೆಲಸ ಬಲ್ಲವರು ಕನಿಷ್ಠ ಇಬ್ಬರಿರಬೇಕು.

2. ಪಾಸ್‌ವರ್ಡು ಸಂಘದ ಸ್ವತ್ತು. ಮೊಹರು ಮಾಡಿದ ಲಕೋಟೆಯಲ್ಲಿ ಸಂಘದ ಬ್ಯಾಂಕ್ ಲಾಕರಿನಲ್ಲಿರಬೇಕು.

3. ಲೆಕ್ಕದ ಪ್ರತಿ ದಿನವೂ ತೆಗೆಯಬೇಕು. ಒಂದು ಪ್ರತಿ ಬನಶಂಕರಿ ಮಳಿಗೆಯಲ್ಲಿ, ಇನ್ನೊಂದು ಯಂತ್ರಕ್ಕೆ ಜೋಡಿಸದೆ ಕಪಾಟಿನಲ್ಲಿ. ಮೂರು ತಿಂಗಳಿಗೊಮ್ಮೆ ಆ ಪ್ರತಿಯಿಂದ ಲೆಕ್ಕ ತೆರೆದು ನಿರ್ದೇಶಕರಿಗೆ ತೋರಿಸಬೇಕು.

4. ಬೆಂಬಲ ಮುಗಿಯುವ ದಿನಾಂಕವನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಅದಕ್ಕೆ ಒಂದು ವರ್ಷ ಮೊದಲೇ ಮಂಡಳಿಯ ಮುಂದಿಡಬೇಕು.

ಇಂಥ ಕರಾರಿಗೆ ಒಪ್ಪುವ ಲಿನಕ್ಸ್ ಬಲ್ಲವರು ನಮ್ಮ ಊರಿಗೆ ಸಿಗದೆ, ವಿಂಡೋಸ್ ಬಲ್ಲವರು ಸಿಕ್ಕಿದರೆ, ಸಭೆಯಲ್ಲಿ ವಿಂಡೋಸಿಗೆ ಮೊದಲು ಕೈ ಎತ್ತುವವನು ನಾನೇ. ಮೊದಲು ಆರೈಕೆಯವರನ್ನು ಗೊತ್ತುಮಾಡಿ, ಆಮೇಲೆ ತಳಿ ಆರಿಸೋಣ.

ಸದಸ್ಯರು ಸಭೆಗೆ ತಪ್ಪದೆ ಬಂದು ಚರ್ಚಿಸಬೇಕೆಂದು ವಿನಂತಿ. ಓದಿದ ಮಕ್ಕಳು ಬೆಂಗಳೂರಿನಲ್ಲಿ ಈ ಕೆಲಸದಲ್ಲಿದ್ದರೆ ಅವರ ಸಲಹೆಯನ್ನೂ ಕೇಳಿ ಬನ್ನಿ. ಬರುವ ಆಷಾಢದಲ್ಲಿ ಹಣಕ್ಕೆಂದು ಬಂದ ಒಬ್ಬ ಸದಸ್ಯರೂ ಬರಿಗೈಯಲ್ಲಿ ಹಿಂದಿರುಗಬಾರದು.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ