ಹುಳ ಹತ್ತಿದ ತೊಲೆಗೆ ವಾರ್ನಿಷ್

ಹೊಸಪೇಟೆ, ಕಂಪ್ಲಿ ಕಡೆ ಹಳೆ ಮಾಳಿಗೆ ಮನೆ ಕೆಡವಿದಾಗಲೆಲ್ಲ ಅದರ ತೊಲೆ, ಜಂತಿ, ಬಾಗಿಲ ಚೌಕಟ್ಟುಗಳಿಗೆ ಗಿರಾಕಿ ಕಾದಿರುತ್ತಾನೆ. ಹಳೆ ಸಾಗುವಾನಿ, ಇಂಥದ್ದು ಈಗ ಸಿಗದು ಎಂದು ಹೆಮ್ಮೆಯಿಂದ ಟ್ರ್ಯಾಕ್ಟರಿಗೆ ಹೇರುತ್ತೇವೆ. ಮರದ ಮೈತುಂಬ ಸೂಜಿಮೊನೆಯಷ್ಟು ತೂತುಗಳಿವೆ; ತಟ್ಟಿದರೆ ಮೈದಾದಂಥ ಪುಡಿ ಉದುರುತ್ತದೆ. ನಮಗೆ ಕಾಣುವುದಿಲ್ಲವೇ? ಚೆನ್ನಾಗಿ ಕಾಣುತ್ತದೆ. ಕಂಡೂ ಪುಟ್ಟಿ ಮೆತ್ತಿಸಿ, ವಾರ್ನಿಷ್ ಹೊಡೆಸಿ, ಮಗಳ ಮದುವೆಯ ಮಂಚವನ್ನು ಅದರಲ್ಲೇ ಮಾಡಿಸುತ್ತೇವೆ.

ಆ ತೂತು ಹುಳ ಒಳಹೊಕ್ಕ ದಾರಿಯಲ್ಲ, ಹೊರಬಿದ್ದ ದಾರಿ. ಮರದ ಸಣ್ಣ ರಂಧ್ರಗಳಲ್ಲಿ ಇಟ್ಟ ಮೊಟ್ಟೆಯೊಡೆದು ಬಂದ ಮರಿ ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷಗಟ್ಟಲೆ, ಒಳಗೇ ತಿಂದು ಬೆಳೆಯುತ್ತದೆ. ಸಾಗುವಾನಿಯ ಕೆಚ್ಚಿಗೆ ಅದು ಸುಲಭಕ್ಕೆ ಬಾಯಿ ಹಾಕದು. ಕೆಚ್ಚಿನ ಸುತ್ತಲಿನ ಬಿಳಿ ಭಾಗದಲ್ಲಿರುವ ಪಿಷ್ಟವೇ ಅದರ ಊಟ. ಪುಟ್ಟಿ ಮೆತ್ತಿದರೆ ಹಳೆಯ ತೂತು ಮುಚ್ಚುತ್ತದೆ. ಒಳಗಿನ ಮರಿ ದುಂಬಿಯಾಗಿ ಹೊಸ ತೂತು ಕೊರೆದು ಬಂದು ಪಕ್ಕದ ಕಿಟಕಿಯಲ್ಲಿ, ಕಪಾಟಿನಲ್ಲಿ ಮತ್ತೆ ಮೊಟ್ಟೆ ಇಡುತ್ತದೆ. ಉಳಿಸಿದೆವೆಂದುಕೊಂಡ ದುಡ್ಡಿಗೆ ಮನೆಯ ಮರವೆಲ್ಲ ತೆರುತ್ತದೆ.

ಹಿಂದಿನವರಿಗೆ ಪ್ರಯೋಗಾಲಯವಿರಲಿಲ್ಲ, ಆದರೆ ತಾಳ್ಮೆಯಿತ್ತು. ಮರವನ್ನು ನೀರಲ್ಲಿ ನೆನೆಹಾಕುತ್ತಿದ್ದರು, ಅದರಿಂದ ಹುಳಕ್ಕೆ ಬೇಕಾದ ಸತ್ವ ಕರಗಿಹೋಗುತ್ತಿತ್ತು. ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸುತ್ತಿದ್ದರು. ಅಡುಗೆಮನೆಯ ಜಂತಿಗೆ ದಿನವೂ ಒಲೆಯ ಹೊಗೆ ತಾಗುತ್ತಿತ್ತು. ಆ ಹೊಗೆಯೂ ಇಲ್ಲದ, ಆ ನಿಗಾವೂ ಇಲ್ಲದ ಮನೆಗೆ ಅದೇ ಜಂತಿಯನ್ನು ತಂದು, ಅಷ್ಟೇ ಬಾಳಿಕೆ ಬರಲಿ ಎನ್ನುವ ನಾವು ಯಾವ ನ್ಯಾಯದವರು?

ವಿದ್ಯೆ ಗೊತ್ತಿರಲಿಲ್ಲ ಎನ್ನುವ ನೆಪವೂ ನಮಗಿಲ್ಲ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕೂಡಿಸಿ ಮರ ಕಾಯುವ ಮದ್ದನ್ನು 1933ರಲ್ಲಿ ಕಂಡುಹಿಡಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೋಂಟಿ ಕಾಮೇಶಂ. ಜಗತ್ತು ಅದನ್ನು ದಶಕಗಟ್ಟಲೆ ಬಳಸಿತು. ಆರ್ಸೆನಿಕ್ ವಿಷವೆಂದು ಮನೆಬಳಕೆಯ ಮರಕ್ಕೆ ಹಲವು ದೇಶಗಳು ಈಗ ಅದನ್ನು ಒಲ್ಲವು. ಮರದ ಶಾಸ್ತ್ರಕ್ಕೆಂದೇ ಬೆಂಗಳೂರಿನ ಮಲ್ಲೇಶ್ವರದಲ್ಲಿ ಒಂದು ಕೇಂದ್ರ ಸಂಸ್ಥೆಯಿದೆ. ದೇಶದಿಂದ ದೇಶಕ್ಕೆ ಹೋಗುವ ಪ್ಯಾಕಿಂಗ್ ಪೆಟ್ಟಿಗೆಯ ಮರವನ್ನು ಹುಳ ಸಾಯಲೆಂದು ಕಾಯಿಸುವುದಾದರೆ ಅದರ ನಡುಭಾಗವೂ 56 ಡಿಗ್ರಿಯಲ್ಲಿ 30 ನಿಮಿಷ ಇರಲೇಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ. ಬಿಸಾಡುವ ಪೆಟ್ಟಿಗೆಗೆ ಇರುವ ಕಟ್ಟುನಿಟ್ಟು ಮಕ್ಕಳು ಮಲಗುವ ಮಂಚಕ್ಕಿಲ್ಲ.

"ನಮ್ಮ ಬಿಸಿಲಿಗೆ ಯಾವ ಹುಳ ಉಳೀತದ?" ಎಂಬ ಮಾತು ಸಾಮಿಲ್ಲಿನಲ್ಲಿ, ಬಡಿಗೇರರ ಅಂಗಳದಲ್ಲಿ ಲೀಲಾಜಾಲವಾಗಿ ಬರುತ್ತದೆ. ಸಂಡೂರಿನ ಕಲ್ಲು ಕಾಯಿಸುವ ಬಿಸಿಲೂ ದಪ್ಪ ತೊಲೆಯ ನಡುವಿಗೆ ಆ 56 ಡಿಗ್ರಿಯ ಕಾವು ಮುಟ್ಟಿಸಲಾರದು. ಇದು ಆಲಸ್ಯ, ಅನುಭವವಲ್ಲ.

ಮಾಡಬೇಕಾದದ್ದು ದೊಡ್ಡ ಕೆಲಸವೂ ಅಲ್ಲ. ಮೊಳೆ ಕೀಳಬೇಕು, ಹಳೆ ಬಣ್ಣ ಕೆರೆಯಬೇಕು, ಪುಡಿಯಾದ ಬಿಳಿ ಭಾಗ ಕೆತ್ತಿ ತೆಗೆದು ಸುಡಬೇಕು. ಬೊರಾಕ್ಸ್, ಬೋರಿಕ್ ಆಮ್ಲ ಬಿಸಿನೀರಲ್ಲಿ ಕರಗಿಸಿ, ಬರಿ ಮರಕ್ಕೆ ಮತ್ತೆ ಮತ್ತೆ ಬಳಿದು ಒಣಗಿಸಬೇಕು. ಮಳೆಗೆ ಅದು ತೊಳೆದುಹೋಗುತ್ತದೆ, ಮನೆಯೊಳಗಿನ ಮರಕ್ಕೆ ಸಾಕು. ಆಳದಲ್ಲಿರುವ ಮರಿಗೆ ಅದು ಮುಟ್ಟದು; ಹುಳ ಬಲವಾಗಿ ಹತ್ತಿದ್ದರೆ ಮರವನ್ನು ಕಾಯಿಸಿಯೇ ತರಬೇಕು. ಮಾರುವವರೇ, ಕೊಳ್ಳುವವರೇ, ಉಳಿ ಹಿಡಿದ ಬಡಿಗೇರರೇ, ಇದಿಷ್ಟು ಆಗುವವರೆಗೆ ಹಳೆ ಮರವನ್ನು ಹೊಸ್ತಿಲು ದಾಟಿಸಬೇಡಿ.