ಆಸರೆಯೆಂದರೆ ದಡ ಮುಟ್ಟಿಸುವ ಹೊಣೆ

ಮಳೆಗಾಲ ಮುಗಿದು ಅಡಿಕೆ ಕೊಯ್ಲು ಆರಂಭವಾಗುವ ಹೊತ್ತಿಗೆ ಮಲೆನಾಡಿನ ಘಟ್ಟದ ತಿರುವುಗಳಲ್ಲಿ, ಸಂತೆಯ ಬಯಲುಗಳಲ್ಲಿ ಗೋಣಿಚೀಲದೊಳಗಿಂದ ಮರಿಗಳ ಕುಂಯ್‌ಗುಟ್ಟುವಿಕೆ ಕೇಳಿಬರುವುದು ಹೊಸತೇನಲ್ಲ. ಚೀಲದಲ್ಲಿರುವವು ಹೆಚ್ಚಾಗಿ ಹೆಣ್ಣುಮರಿಗಳೇ. ಗಂಡುಮರಿ ತೋಟ ಕಾಯಲು ಮನೆಯಲ್ಲಿ ಉಳಿಯುತ್ತದೆ. ಹೆಣ್ಣುಮರಿ ಕಾಡಿನ ಅಂಚನ್ನು ಸೇರುತ್ತದೆ. ‘ಎಲ್ಲಾದರೂ ಬದುಕಿಕೊಳ್ಳಲಿ’ ಎಂಬ ಮಾತು ಬಿಟ್ಟುಬಂದವರಿಗೆ ಸಮಾಧಾನ ತಂದೀತೇ ಹೊರತು ಮರಿಗೆ ಬದುಕು ಕೊಡಲಾರದು. ಹಸಿವು, ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯನ್ವಯ ಅಪರಾಧವೂ ಹೌದು.

ಇದು ಕೇವಲ ದಯೆಯ ಪ್ರಶ್ನೆಯಲ್ಲ, ಕಾಡಿನ ಪ್ರಶ್ನೆಯೂ ಆಗಿದೆ. ಹೀಗೆ ಬಿಟ್ಟ ಮರಿಗಳಲ್ಲಿ ಬದುಕುಳಿದವು ಒಡೆಯರಿಲ್ಲದ ನಾಯಿಗಳಾಗಿ ಬೆಳೆದು ಜಿಂಕೆ, ಮೊಲಗಳನ್ನು ಅಟ್ಟುತ್ತವೆ. ಚಿರತೆಯನ್ನು ಊರಿನತ್ತ ಸೆಳೆಯುತ್ತವೆ. 1994ರಲ್ಲಿ ಆಫ್ರಿಕದ ಸೆರೆಂಗೆಟಿಯ ಸಿಂಹಗಳಲ್ಲಿ ಸುಮಾರು ಮೂರರಲ್ಲೊಂದು ಭಾಗವನ್ನು ಬಲಿ ತೆಗೆದುಕೊಂಡದ್ದು ಡಿಸ್ಟೆಂಪರ್ ಎಂಬ ನಾಯಿರೋಗ. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಸತ್ತ ಸಿಂಹಗಳಲ್ಲಿಯೂ ಅದೇ ವೈರಾಣು ಪತ್ತೆಯಾಯಿತು. ಘಟ್ಟದ ಸೀಳುನಾಯಿಗಳಿಗೂ ಈ ರೋಗ ತಗಲಬಲ್ಲದು. ಲಸಿಕೆ ಕಾಣದ ಮರಿಯನ್ನು ಕಾಡಂಚಿನಲ್ಲಿ ಬಿಡುವವರು ಈ ಅಪಾಯವನ್ನೂ ಅಲ್ಲಿಯೇ ಬಿಟ್ಟು ಬಂದಂತೆ.

ಸಿಕ್ಕ ಮರಿಯನ್ನು ಕೊನೆಯವರೆಗೆ ಸಾಕುವುದು ಎಲ್ಲ ಮನೆಗಳಿಗೂ ಸಾಧ್ಯವಿಲ್ಲ. ಆದರೆ ಶಾಶ್ವತ ನೆಲೆ ದೊರಕುವವರೆಗೆ ಕೆಲವು ವಾರ ಆಸರೆ ಕೊಡುವುದು ಹಲವರಿಗೆ ಸಾಧ್ಯ. ಇದಕ್ಕೆ ಹಣಕ್ಕಿಂತ ತಿಳಿವಳಿಕೆ ಮುಖ್ಯ. ಮರಿ ಒಂಟಿಯಾಗಿ ಕಂಡೊಡನೆ ಎತ್ತಿಕೊಳ್ಳದೆ, ತಾಯಿ ಆಹಾರಕ್ಕೆ ಹೋಗಿರಬಹುದೇ ಎಂದು ದೂರದಿಂದ ಕಾದು ನೋಡಬೇಕು. ತಾಯಿಯಿಲ್ಲವೆಂದು ಖಚಿತವಾದರೆ ಮೊದಲು ಬೇಕಾದುದು ಬೆಚ್ಚನೆಯ ಜಾಗ, ಅನಂತರ ಆಹಾರ. ಹಸುವಿನ ಹಾಲು ಎಳೆಮರಿಗೆ ಭೇದಿ ತರಬಹುದಾದ್ದರಿಂದ ಪಶುವೈದ್ಯರನ್ನು ಕೇಳುವುದು ಲೇಸು. ಮನೆಯಲ್ಲಿ ಬೇರೆ ನಾಯಿಗಳಿದ್ದರೆ ಹೊಸ ಮರಿಯನ್ನು ಎರಡು ವಾರ ದೂರವಿರಿಸಬೇಕು. ಪಾರ್ವೊ ರೋಗದ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಜಂತುಹುಳುವಿನ ಔಷಧ, ಆರರಿಂದ ಎಂಟು ವಾರದೊಳಗೆ ಡಿಸ್ಟೆಂಪರ್ ಮತ್ತು ಪಾರ್ವೊ ಲಸಿಕೆಯ ಮೊದಲ ಸರದಿ, ಮೂರು ತಿಂಗಳಿಗೆ ರೇಬೀಸ್ ಲಸಿಕೆ: ಇವನ್ನು ತಪ್ಪಿಸುವಂತಿಲ್ಲ. ಮರಿಯೆಂದು ಅದರ ಕಚ್ಚು, ಪರಚುಗಳನ್ನು ಕಡೆಗಣಿಸಲೂ ಬಾರದು. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಆಸರೆಯ ಕೆಲಸ ಹೆಚ್ಚಾಗಿ ಸೋಲುವುದು ಆರೈಕೆಯಲ್ಲಲ್ಲ, ಕೊನೆಯ ಹೆಜ್ಜೆಯಲ್ಲಿ. ಕೇಳಿದವರಿಗೆ ಮರಿಯನ್ನು ಕೊಟ್ಟು ಕೈತೊಳೆದುಕೊಂಡರೆ ಅದೇ ಮರಿ ಮುಂದಿನ ವರ್ಷ ಮತ್ತೊಂದು ಚೀಲಕ್ಕೆ ಮರಿಗಳನ್ನು ಹೆರುತ್ತದೆ. ಆದ್ದರಿಂದ ಕೊಡುವ ಮುನ್ನ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಚಿರತೆ ಓಡಾಡುವ ಸೀಮೆಯಲ್ಲಿ ರಾತ್ರಿ ಮರಿ ಮಲಗುವುದು ಬಾಗಿಲಿರುವ ಕೋಣೆಯಲ್ಲೋ, ಅಂಗಳದ ಸರಪಳಿಯಲ್ಲೋ? ಉಳಿದ ಲಸಿಕೆಗಳ ಹೊಣೆ ಯಾರದು? ಪ್ರಾಯಕ್ಕೆ ಬರುವ ಮೊದಲು ಸಂತಾನಹರಣ ಚಿಕಿತ್ಸೆ ಮಾಡಿಸುವರೇ? ಹೊಂದಿಕೆಯಾಗದಿದ್ದರೆ ಬೀದಿಗೆ ಬಿಡದೆ ಆಸರೆ ಕೊಟ್ಟ ಮನೆಗೇ ಮರಳಿಸುವ ಮಾತು ಕೊಡುವರೇ?

ಒಂದೇ ಮನೆ ಇಷ್ಟೆಲ್ಲವನ್ನು ಹೊರಬೇಕಾಗಿಲ್ಲ. ಒಂದು ಮನೆ ಜಾಗ ಕೊಡಲಿ, ಇನ್ನೊಂದು ಔಷಧದ ವೆಚ್ಚ ನೋಡಿಕೊಳ್ಳಲಿ. ಪೇಟೆಯ ಕಾಲೇಜಿಗೆ ದಿನವೂ ಹೋಗಿಬರುವ ವಿದ್ಯಾರ್ಥಿಗಳು ಮರಿಯನ್ನು ಪಶು ಆಸ್ಪತ್ರೆಗೆ ಒಯ್ಯಲಿ, ಯೋಗ್ಯ ಮನೆ ಹುಡುಕಲಿ. ವಾರಗಟ್ಟಲೆ ಕೈತುತ್ತು ತಿಂದ ಮರಿಯನ್ನು ಬೇರೆ ಮನೆಗೆ ಕಳುಹಿಸುವಾಗ ಕಣ್ಣು ತುಂಬುವುದು ಸಹಜ. ಆದರೆ ತೆರವಾದ ಆ ಮೂಲೆ ಮುಂದಿನ ಮರಿಗೆ ಬೇಕು. ಅದಕ್ಕಿಂತಲೂ ಮುಖ್ಯವಾಗಿ, ಪ್ರತಿ ಊರೂ ತನ್ನ ಹೆಣ್ಣುನಾಯಿಗಳಿಗೆ ಚಿಕಿತ್ಸೆ ಮಾಡಿಸಿ, ಆ ಮೂಲೆಗೆ ಕೆಲಸವೇ ಇಲ್ಲದಂತಾಗುವ ದಿನವನ್ನು ಹತ್ತಿರ ತರಬೇಕಾಗಿದೆ.