ವಾಲಿಯ ಪ್ರಶ್ನೆ
ಕಲಾವಿದನ ಸ್ವಾತಂತ್ರ್ಯ ಎಂದೊಡನೆ ಕಟ್ಟುಪಾಡುಗಳೇ ಇಲ್ಲದ ಸ್ಥಿತಿಯೊಂದನ್ನು ಕಲ್ಪಿಸಿಕೊಳ್ಳುವುದು ನಮಗೆ ರೂಢಿ. ಕರಾವಳಿ, ಮಲೆನಾಡುಗಳ ತಾಳಮದ್ದಳೆಯನ್ನು ಕಿವಿಗೊಟ್ಟು ಕೇಳಿದವರಿಗೆ ಆ ಕಲ್ಪನೆ ಸಾಲದು ಅನ್ನಿಸುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಕುಳಿತಲ್ಲೇ ಅರ್ಥಧಾರಿ ಅದರ ಆಶಯವನ್ನು ಆಶುವಾಗಿ ಮಾತಿನಲ್ಲಿ ಬೆಳೆಸುತ್ತಾರೆ. ಕಥೆಯನ್ನು ಬದಲಿಸುವ ಹಕ್ಕು ಅವರಿಗಿಲ್ಲ, ರಾಮಾಯಣದ ವಾಲಿ ಸಾಯಲೇಬೇಕು. ಆದರೆ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮವೆಂದು ಅವನು ರಾಮನನ್ನು ಕೇಳುವ ಬಗೆಗೆ ಕೊನೆಯಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ಬಾಯಲ್ಲಿ ಸೋಲುವ ಪಾತ್ರಗಳೂ ತಮ್ಮ ಪಕ್ಷದ ನ್ಯಾಯವನ್ನು ತಲೆಯೆತ್ತಿ ಮಂಡಿಸಿದವು. ಇದೆಲ್ಲ ಪುರಾಣ ಅರೆದು ಕುಡಿದವರ ನೆನಪಿನ ಬಲ, ಸ್ವಾತಂತ್ರ್ಯವಲ್ಲ ಎಂಬ ಆಕ್ಷೇಪವುಂಟು. ಓದಿನ ಸಿದ್ಧತೆ ಬೇಕು, ನಿಜ. ಆದರೆ ಎದುರು ಪಾತ್ರದ ಅರ್ಥಧಾರಿ ಏನು ಕೇಳುತ್ತಾರೆಂಬುದು ಯಾವ ಪುಸ್ತಕದಲ್ಲೂ ಇಲ್ಲ. ಬಾಯಿಪಾಠದ ಮಾತು ಮೊದಲ ಅನಿರೀಕ್ಷಿತ ಪ್ರಶ್ನೆಗೇ ಮುಗ್ಗರಿಸುತ್ತದೆ. ಆಗ ಕೈಹಿಡಿಯುವುದು ಎಚ್ಚರ: ಎದುರಾಳಿಯ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವ, ಪದ್ಯದ ಚೌಕಟ್ಟು ಮರೆಯದ ಎಚ್ಚರ. ಸಂವಾದ ಕೆಲವೊಮ್ಮೆ ವಾಗ್ವಾದದ ಹಠಕ್ಕಿಳಿದು ರಸ ಕೆಡುತ್ತದೆ ಎಂಬ ದೂರೂ ಸುಳ್ಳಲ್ಲ. ಅದನ್ನು ಸ್ವಾತಂತ್ರ್ಯದ ಅತಿರೇಕವೆಂದು ಕರೆಯಲು ನಾನು ಒಪ್ಪಲಾರೆ. ಕೇಳಿಸಿಕೊಳ್ಳುವುದನ್ನು ನಿಲ್ಲಿಸಿದಾತ ತನ್ನ ಅಹಂಕಾರಕ್ಕೆ ಕಟ್ಟುಬಿದ್ದಿರುತ್ತಾನೆ. ಚೆನ್ನಾಗಿ ನಡೆದ ಕೂಟದಲ್ಲಿ ರಾಮನ ಅರ್ಥ ಹೇಳುವವರಿಗೆ ಕಥೆ ತಮ್ಮ ಪರವಾಗಿದೆಯೆಂಬ ಭರವಸೆ ಸಾಕಾಗುವುದಿಲ್ಲ. ಬಾಣ ಆಗಲೇ ನಾಟಿದೆ, ಉತ್ತರವನ್ನು ಮಾತಿನಲ್ಲೇ ಹುಡುಕಬೇಕು.